ಅಸರ್ ಹೊತ್ತಿನ ಯುರೋಪು

ಸೌದಿಯ ಜುಬೈಲಿಗೆ ಬಂದ ಹೊಸತರಲ್ಲಿ ನಾನು ಕಸ ಬಿಸಾಡಲಿಲ್ಲ. ಬಿಸಾಡಲು ಆಗಲಿಲ್ಲ ಎನ್ನುವುದೇ ಸರಿ. ಹಾಲಿನ ಡಬ್ಬಿಯ ಮೇಲೆ ಅರಬಿ, ಬಿಸ್ಕತ್ತಿನ ಕಾಗದದ ಮೇಲೆ ಅರಬಿ, ಕೋಳಿ ಸುತ್ತಿ ತಂದ ಪ್ಲಾಸ್ಟಿಕ್ಕಿನ ಮೇಲೆ ಅರಬಿ. ಮಂಗಳೂರಿನ ಹತ್ತಿರ ಕಡಲತೀರದ ನಮ್ಮ ಊರಿನಲ್ಲಿ ಅರಬಿ ಅಕ್ಷರ ಇರುವುದು ಕುರ್‌ಆನಿನಲ್ಲಿ, ಮದ್ರಸದ ಹಲಗೆಯಲ್ಲಿ, ಮಸೀದಿಯ ಗೋಡೆಯಲ್ಲಿ. ಆ ಅಕ್ಷರವಿರುವ ಚೂರು ಕಾಗದ ನೆಲದಲ್ಲಿ ಕಂಡರೆ ಎತ್ತಿ, ಕಣ್ಣಿಗೊತ್ತಿಕೊಂಡು, ಕಾಲು ತಾಗದ ಎತ್ತರದಲ್ಲಿ ಇಡಬೇಕೆಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಈಗ ಅದೇ ಅಕ್ಷರ ಮೀನಿನ ಮಸಾಲೆಯ ಪೊಟ್ಟಣದ ಮೇಲೆ ಬಂದು ಕುಳಿತರೆ ನಾನೇನು ಮಾಡಬೇಕು? ಒಂದೊಂದನ್ನೂ ತೊಳೆದು, ಒಣಗಿಸಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಪೇರಿಸಿಟ್ಟೆ. ಇದೊಂದು ದಾರಿಗೆ ಬರುವುದಿಲ್ಲ ಎನಿಸಿ ಕಸದ ಡಬ್ಬಿಯನ್ನೇ ತಿರುಗಿಸಿ ನೋಡಿದರೆ ಅದರ ಮೇಲೂ ಅರಬಿ.

ಒಂದು ಬೆಳಿಗ್ಗೆ ಚಹಾಪುಡಿ ಹುಡುಕಲು ಕಪಾಟು ತೆರೆದ ನನ್ನ ಗಂಡ ಇಕ್ಬಾಲ್ ಅವರ ತಲೆಯ ಮೇಲೆ ಇಡೀ ಸಂಗ್ರಹ ಬಿತ್ತು.

“ಎಂತ ಮಾರಾಯ್ತಿ ಇದು, ಗುಜರಿ ಅಂಗಡಿ ಹಾಕ್ತೀಯಾ?” ಎಂದರು.

ನಾನು ಕಾರಣ ಹೇಳಿದೆ. ಅವರು ನಗಲಿಲ್ಲ. ಬಿದ್ದದ್ದರಲ್ಲಿ ಒಂದು ಸೀಸೆಯನ್ನು ಎತ್ತಿ ನನ್ನ ಮುಂದೆ ಹಿಡಿದು, “ಓದು ನೋಡುವ” ಎಂದರು. ಓದುವುದಕ್ಕೇನು, ಮದ್ರಸದಲ್ಲಿ ಉಸ್ತಾದರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. ಗಂಟಲಿನಿಂದ ಬರಬೇಕಾದ್ದನ್ನು ಗಂಟಲಿನಿಂದ, ನಾಲಿಗೆಯ ತುದಿಯಿಂದ ಬರಬೇಕಾದ್ದನ್ನು ತುದಿಯಿಂದ, ಎಳೆಯಬೇಕಾದಲ್ಲಿ ಎಳೆದು ಓದಿದೆ.

“ಅರ್ಥ?”

ಸೀಸೆಯನ್ನು ತಿರುಗಿಸಿ, ಹಿಂದೆ ಚಿತ್ರವೇನಾದರೂ ಇದೆಯೇ ಎಂದು ಹುಡುಕಿದೆ.

“ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತ ಬರೆದದ್ದು. ಪಾತ್ರೆ ತೊಳೆಯುವ ಸೋಪು ಅದು. ನೀನು ಓದಿದ ರಾಗಕ್ಕೆ ನಾನು ಆಮೀನ್ ಹೇಳುವವನಿದ್ದೆ.”

ಆಮೇಲೆ ಇಬ್ಬರೂ ಚಹಾ ಮರೆತು ನಕ್ಕೆವು. ಆದರೆ ಅವರು ಬಸ್ಸು ಹಿಡಿಯಲು ಹೋದ ಮೇಲೆ ನಾನು ಕಿಟಕಿಯ ಹತ್ತಿರ ನಿಂತು ಎದುರಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿದೆ. ಒಂದೂ ತಪ್ಪಿಲ್ಲ, ಒಂದೂ ಅರ್ಥವಾಗಲಿಲ್ಲ. ಅಕ್ಷರ ಬಾರದವರು ಪರವೂರಿನಲ್ಲಿ ಪಡುವ ಕಷ್ಟದ ಬಗ್ಗೆ ಕೇಳಿದ್ದೆ. ಎಲ್ಲ ಓದಲು ಬಂದೂ ಹೀಗೆ ಕಣ್ಣುಕಣ್ಣು ಬಿಡುವ ಸ್ಥಿತಿಗೆ ನನ್ನನ್ನು ಯಾರೂ ಸಿದ್ಧ ಮಾಡಿರಲಿಲ್ಲ.

ಜುಬೈಲಿನ ಹಳೆಯ ಪೇಟೆಯಲ್ಲಿ, ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಇಕ್ಬಾಲ್ ಕೆಲಸ ಮಾಡುವುದು ಉತ್ತರಕ್ಕಿರುವ ರಾಸ್ ಅಲ್ ಖೈರ್‌ನಲ್ಲಿ, ಕಡಲ ನೀರಿನ ಉಪ್ಪು ತೆಗೆದು ಸಿಹಿನೀರು ಮಾಡುವ ಸ್ಥಾವರದಲ್ಲಿ. ಕಂಪೆನಿಯ ಬಸ್ಸು ಬೆಳಕು ಹರಿಯುವ ಹೊತ್ತಿಗೆ ಬಂದು ಅವರನ್ನು ಕರೆದೊಯ್ಯುತ್ತದೆ. ಊರಿನಲ್ಲಿ ಬಾವಿಗೆ ಇಳಿದ ಉಪ್ಪುನೀರಿಗೆ ನನ್ನ ತಾಯಿ ಶಾಪ ಹಾಕುತ್ತಿದ್ದರು. ಇಲ್ಲಿ ಇಡೀ ಪೇಟೆ ಕುಡಿಯುವುದು ಕಡಲನ್ನೇ. ಮೊದಲ ಲೋಟ ಕುಡಿಯುವಾಗ ನಾಲಿಗೆ ಉಪ್ಪು ಹುಡುಕಿತು, ಸಿಗಲಿಲ್ಲ. ಅಲ್ಲಿಂದ ನನ್ನ ಗಂಡನ ಕೆಲಸದ ಮೇಲೆ ನನಗೆ ಸ್ವಲ್ಪ ಗೌರವ ಬಂತು, ಅವರಿಗೆ ಹೇಳಿಲ್ಲ.

ಕಡಲು ಇಲ್ಲಿಯೂ ಇದೆ, ಆದರೆ ತಪ್ಪು ದಿಕ್ಕಿನಲ್ಲಿ. ನಮ್ಮಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದ ಏಳುತ್ತಾನೆ. ನಮ್ಮಲ್ಲಿ ಕಡಲ ಕಡೆಗೆ ಮುಖ ಮಾಡಿ ನಮಾಜು, ಮಕ್ಕಾ ಇರುವುದು ಅದರಾಚೆಗೆ. ಇಲ್ಲಿ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಕು. ಚಾಪೆ ಹಾಸುವಾಗಲೆಲ್ಲ ನನ್ನ ಕಾಲು ತಾನಾಗಿಯೇ ಕಿಟಕಿಯ ಕಡೆ ತಿರುಗುತ್ತಿತ್ತು. ಮಗಳು ಸಫಾ ಹೆಗಲು ಹಿಡಿದು ನನ್ನನ್ನು ಸರಿಯಾದ ಕಡೆಗೆ ತಿರುಗಿಸುತ್ತಿದ್ದಳು.

ಒಂಟಿತನ ಅಂದರೆ ಏನೆಂದು ಹೇಳಲೇಬೇಕು, ಏಕೆಂದರೆ ಅದನ್ನು ಮುಚ್ಚಿಟ್ಟು ಬರೆಯುವ ಗಲ್ಫ್ ಹೆಂಗಸರ ಮೇಲೆ ನನಗೆ ಸಿಟ್ಟಿದೆ. ಊರಿನಲ್ಲಿ ನಾನು ಟೀಚರ್. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಕಲಿಸಿದವಳು. ಮೀನು ಮಾರುವವರು ಕೂಡ “ಟೀಚರೇ, ಇವತ್ತು ಬಂಗುಡೆ ಒಳ್ಳೆದುಂಟು” ಎಂದು ಕರೆಯುತ್ತಿದ್ದರು. ಇಲ್ಲಿ ಇಕಾಮಾದಲ್ಲಿ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ನಾನು ಇಂಥವರ ಹೆಂಡತಿ. ಅದು ಸುಳ್ಳಲ್ಲ, ಆದರೆ ಅದಷ್ಟೇ ನಾನಲ್ಲ. ಕಿಟಕಿ ಮುಚ್ಚಿದ ತಣ್ಣನೆಯ ಮನೆಯಲ್ಲಿ ಮಧ್ಯಾಹ್ನ ಕುಳಿತು, ಪಾಠ ಮಾಡಿ ಮಾಡಿ ಒಡೆದ ನನ್ನ ಗಂಟಲು ಬರಬರುತ್ತಾ ಚೆನ್ನಾಗಿ ಆಗುತ್ತಿರುವುದನ್ನು ಗಮನಿಸಿ ಅಳು ಬಂದದ್ದುಂಟು.

ಹಾಗಿರುವಾಗ ಸಫಾ ಓದುವ ಇಂಡಿಯನ್ ಶಾಲೆಯ ಹುಡುಗಿಯರ ವಿಭಾಗದಲ್ಲಿ ಸಮಾಜ ವಿಜ್ಞಾನದ ಟೀಚರೊಬ್ಬರು ಕೆಲಸ ಬಿಟ್ಟು ಊರಿಗೆ ಹೋದರು. ಸುದ್ದಿ ತಂದವಳು ಸಫಾಳೇ, ಆದರೆ ತಂದ ತಪ್ಪಿಗೆ ಒಡನೆಯೇ ನಾಲಿಗೆ ಕಚ್ಚಿಕೊಂಡಳು.

“ಉಮ್ಮ, ನೀನು ಮಾತ್ರ ಅರ್ಜಿ ಹಾಕಬೇಡ, ಪ್ಲೀಸ್.”

“ಯಾಕೆ?”

“ನಿನ್ನ ಇಂಗ್ಲಿಷ್ ಒಂಥರಾ. ಅರ್ಧ ಹೇಳಿ ‘ಅಂದರೆ ಎಂತ’ ಅಂತ ಕನ್ನಡದಲ್ಲಿ ನೀನೇ ಕೇಳ್ತೀ, ಮತ್ತೆ ನೀನೇ ಉತ್ತರ ಹೇಳ್ತೀ. ಎಲ್ಲರೂ ನಗ್ತಾರೆ. ಅವರು ನಗುವುದು ನನ್ನನ್ನು ನೋಡಿ.”

ಒಂಬತ್ತನೆಯ ತರಗತಿಯ ಹುಡುಗಿ ತಾಯಿಗೆ ಇಷ್ಟು ನೇರವಾಗಿ ಹೇಳಿದರೆ ಊರಿನಲ್ಲಿ ನಾಲ್ಕು ಮಾತು ಕೇಳಬೇಕಾಗುತ್ತಿತ್ತು. ಆದರೆ ಅವಳು ಹೇಳಿದ್ದು ನಿಜ. ತರಗತಿಯಲ್ಲಿ ‘ಅಂದರೆ ಎಂತ’ ಎನ್ನದೆ ನನಗೆ ಒಂದು ವಾಕ್ಯವೂ ಮುಂದೆ ಹೋಗುವುದಿಲ್ಲ. ಮತ್ತೆ ಟೀಚರ್ ಆಗಬೇಕೆಂಬ ಆಸೆ ಒಂದು ಕಡೆ, ಮಗಳು ಗೆಳತಿಯರ ಎದುರು ತಲೆ ತಗ್ಗಿಸಬಾರದೆಂಬ ಆಸೆ ಇನ್ನೊಂದು ಕಡೆ. ಎರಡನ್ನೂ ತೂಗಿ ನೋಡಿದೆ, ಸ್ವಾರ್ಥವೇ ಗೆದ್ದಿತು. ಅರ್ಜಿ ಹಾಕಿದೆ.

ಮುಖ್ಯೋಪಾಧ್ಯಾಯಿನಿ ಕೇರಳದವರು, ಕಡಿಮೆ ಮಾತಿನ ಹೆಂಗಸು. ಒಂದು ಮಾದರಿ ಪಾಠ ಮಾಡಿ ತೋರಿಸಬೇಕು, ಒಂಬತ್ತನೆಯ ಬಿ ವಿಭಾಗಕ್ಕೆ, ಇಂಗ್ಲಿಷಿನಲ್ಲಿ ಎಂದರು. ವಿಷಯವನ್ನೂ ಅವರೇ ಕೊಟ್ಟರು: ವಿಜ್ಞಾನದ ಶೋಧಗಳು ಮತ್ತು ಎನ್‌ಲೈಟನ್‌ಮೆಂಟ್ ಯುರೋಪಿನ ಸಮಾಜವನ್ನು ಬದಲಿಸಿದ ಬಗೆ. ಒಂಬತ್ತನೆಯ ಬಿ ಅಂದರೆ ಸಫಾಳ ತರಗತಿ. ಮನೆಗೆ ಬಂದು ಹೇಳಿದಾಗ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಪಾಠ ನನಗೆ ಹೊಸತಲ್ಲ. ಕನ್ನಡದಲ್ಲಿ ಅದು ಜ್ಞಾನೋದಯದ ಯುಗ. ನಮ್ಮ ಮಕ್ಕಳಿಗೆ ಜ್ಞಾನೋದಯ ಅಂದರೆ ಬುದ್ಧನಿಗೆ ಆದದ್ದು. ಪ್ರತಿ ವರ್ಷ ಯಾರಾದರೂ ಒಬ್ಬರು “ಇಡೀ ಯುರೋಪಿಗೆ ಆಗುವಷ್ಟು ದೊಡ್ಡ ಮರ ಯಾವುದು ಟೀಚರ್?” ಎಂದು ಕೇಳುತ್ತಿದ್ದರು, ನಾನು ಪ್ರತಿ ವರ್ಷ ನಗುತ್ತಿದ್ದೆ. ಇಂಗ್ಲಿಷಿನ ಶಬ್ದಕ್ಕೆ ಮಾತ್ರ ನನ್ನೊಳಗೆ ಬೇರು ಇರಲಿಲ್ಲ. ಬಾಯಲ್ಲಿ ಹೇಳಿದರೆ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು, ಮುಂದಿನ ವಾಕ್ಯ ಹುಟ್ಟುತ್ತಿರಲಿಲ್ಲ.

ನಮ್ಮ ಎದುರು ಮನೆಯಲ್ಲಿ ಉಮ್ಮು ಯೂಸುಫ್ ಇದ್ದಾರೆ, ಈಜಿಪ್ಟಿನವರು. ಅರಬರಲ್ಲಿ ಹೆಂಗಸರನ್ನು ಹಿರಿಯ ಮಗನ ಹೆಸರು ಹಿಡಿದು ಇಂಥವನ ತಾಯಿ ಎಂದು ಕರೆಯುತ್ತಾರೆ, ಅದೇ ಗೌರವ. ಕಾಲೇಜಿನಲ್ಲಿ ಚರಿತ್ರೆ ಓದಿದವರೆಂದು ಕೇಳಿದ್ದೆ. ಅವರ ಇಂಗ್ಲಿಷ್ ನನ್ನ ಅರಬಿಯಷ್ಟೇ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಾಗ ಸಫಾಳ ಪಾಠಪುಸ್ತಕ ತೆರೆದು ಆ ದೊಡ್ಡ ಶಬ್ದದ ಮೇಲೆ ಬೆರಳಿಟ್ಟು ತೋರಿಸಿ, ಅರಬಿಯಲ್ಲಿ ಏನು ಎಂದು ಕೈಯಲ್ಲೇ ಕೇಳಿದೆ. ಅವರ ಮುಖ ಅರಳಿತು. “ಆಹ್, ಅಸ್ರ್ ಅತ್ತನ್ವೀರ್” ಎಂದರು. ಅಷ್ಟರಲ್ಲಿ ಬಾಗಿಲು ತೆರೆಯಿತು, ಅವರು ಕೈ ಬೀಸಿ ಹೊರಟೇ ಹೋದರು.

ನನಗೆ ಎಲ್ಲವೂ ಅರ್ಥವಾಯಿತು. ಜುಬೈಲಿಗೆ ಬಂದ ಮೇಲೆ ಅರ್ಥವಾದ ಮೊದಲ ಪೂರ್ತಿ ಅರಬಿ ಮಾತು ಅದು. ಅಸ್ರ್ ಅಂದರೆ ಅಸರ್, ನಮ್ಮ ಸಂಜೆಗೆ ಮೊದಲಿನ ನಮಾಜು. ತನ್ವೀರ್ ಅಂದರೆ ಕೆಳಗಿನ ಮಹಡಿಯ ಹೈದರಾಬಾದಿನ ತನ್ವೀರ್ ಬಾಜಿ, ಅಂದರೆ ತನ್ವೀರಕ್ಕ. ಅಸರ್ ಆದ ಮೇಲೆ ತನ್ವೀರ್ ಮನೆಗೆ ಬಾ, ಅಲ್ಲಿ ಕೂತು ಹೇಳಿಕೊಡುತ್ತೇನೆ ಎಂದಿದ್ದಾರೆ. ಎಂಥ ಒಳ್ಳೆಯ ಹೆಂಗಸು ಎಂದುಕೊಂಡೆ. ಬರಿಗೈಯಲ್ಲಿ ಹೋಗುವುದು ಚಂದವಲ್ಲವೆಂದು ಗೋಳಿಬಜೆ ಕರಿದೆ, ಕಾಯಿಚಟ್ನಿ ಅರೆದೆ, ನಮಾಜು ಮುಗಿಸಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದೆ.

ತನ್ವೀರ್ ಬಾಜಿ ಬಾಗಿಲು ತೆರೆದು ನನ್ನನ್ನೂ ತಟ್ಟೆಯನ್ನೂ ನೋಡಿದರು. ಅವರ ಜೊತೆ ನನಗೆ ಅಲ್ಲಿಯವರೆಗೆ ಸಲಾಮಿನ ಪರಿಚಯವಷ್ಟೇ. ಆದರೂ ಒಳಗೆ ಕರೆದರು, ಕೂರಿಸಿದರು, ಗೋಳಿಬಜೆ ತಿಂದರು, ಮಕ್ಕಳ ಬಗ್ಗೆ ವಿಚಾರಿಸಿದರು. ನಾನು ಬಾಗಿಲು ನೋಡುತ್ತಾ ಕುಳಿತೆ. ಹೊತ್ತು ಹೋಯಿತು. ಕೊನೆಗೆ ಅವರು ಬಹಳ ಮರ್ಯಾದೆಯಿಂದ, “ಬುರಾ ನಕ್ಕೋ ಮಾನೋ ಆಪಾ, ಆಪ್ ಕೈಕು ಆಯೇ?” ಎಂದರು. ಬೇಸರ ಮಾಡಬೇಡಿ, ಬಂದದ್ದು ಯಾಕೆ ಎಂದು.

ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಆಗಲೇ ಉಮ್ಮು ಯೂಸುಫ್ ಅವರಿಗೆ ಫೋನು ಮಾಡಿದರು. ಹತ್ತು ವರ್ಷ ರಿಯಾದಿನಲ್ಲಿ ಬೆಳೆದವರಾದ್ದರಿಂದ ಅವರ ಅರಬಿ ನೀರಿನ ಹಾಗೆ ಹರಿಯುತ್ತದೆ. ಉಮ್ಮು ಯೂಸುಫ್ ಮೇಲಿನಿಂದ ಓಡಿ ಬಂದು, ಕಥೆ ಕೇಳಿ, ನಗು ತಡೆಯಲಾಗದೆ ನೆಲದ ಮೇಲೆಯೇ ಕುಳಿತರು. ಕಣ್ಣೊರೆಸಿಕೊಂಡು ಅವರು ಹೇಳಿದ್ದನ್ನು ತನ್ವೀರ್ ಬಾಜಿ ನನಗೆ ಬಿಡಿಸಿ ಹೇಳಿದರು. ಅಸ್ರ್ ಅಂದರೆ ನಮಾಜಿನ ಹೊತ್ತು ಮಾತ್ರವಲ್ಲ, ಕಾಲ, ಯುಗ ಎಂತಲೂ ಆಗುತ್ತದೆ. ತನ್ವೀರ್ ಅಂದರೆ ಬೆಳಕು ಮಾಡುವುದು. ಅಸ್ರ್ ಅತ್ತನ್ವೀರ್ ಅಂದರೆ ಬೆಳಕು ಮಾಡಿದ ಯುಗ, ನಾನು ಬೆರಳಿಟ್ಟು ತೋರಿಸಿದ ಶಬ್ದವೇ.

ತನ್ವೀರ್ ಬಾಜಿ ಸೊಂಟದ ಮೇಲೆ ಕೈಯಿಟ್ಟುಕೊಂಡರು. ತಮ್ಮ ಹೆಸರಿನಲ್ಲಿ ಇಡೀ ಒಂದು ಜಮಾನವೇ ಇದೆ, ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ಬೇಸರವಾದ ಹಾಗಿತ್ತು. “ಅಬ್ ಬತಾವ್, ಮೇರೇ ಜಮಾನೇ ಮೇ ಕ್ಯಾ ಹುವಾ?” ಎಂದರು. ನನ್ನ ಕಾಲದಲ್ಲಿ ಏನಾಯಿತು, ಅದನ್ನು ಹೇಳಿ.

ಅಲ್ಲಿಂದ ಅಸರ್ ಆದ ಮೇಲೆ ತನ್ವೀರ್ ಬಾಜಿಯ ಮನೆಯಲ್ಲಿ ಸೇರುವುದು ರೂಢಿಯಾಯಿತು. ನಾನು ಹಿಂದಿಯಲ್ಲಿ ಎಡವುತ್ತ ಹೇಳುವುದು, ಅವರು ಅದನ್ನು ಅರಬಿಗೆ ದಾಟಿಸುವುದು, ಉಮ್ಮು ಯೂಸುಫ್ ತಕರಾರು ತೆಗೆಯುವುದು. ಯುರೋಪಿನವರು ದೂರದರ್ಶಕದಲ್ಲಿ ಆಕಾಶ ನೋಡಿದರು ಎಂದು ನಾನು ಶುರುಮಾಡಿದರೆ ಅವರು ಕೈ ಎತ್ತಿ ತಡೆಯುತ್ತಿದ್ದರು. ನೋಡಿದ ನಕ್ಷತ್ರಗಳಲ್ಲಿ ಎಷ್ಟೋ ಹೆಸರು ಇವತ್ತಿಗೂ ಅರಬಿ, ಲೆಕ್ಕ ಮಾಡಿದ ಬೀಜಗಣಿತದ ಹೆಸರೂ ಅರಬಿ, ನಮ್ಮವರ ಪುಸ್ತಕಗಳನ್ನು ಅವರು ಅನುವಾದ ಮಾಡಿಕೊಂಡು ಓದಿದ್ದನ್ನು ಮೊದಲು ಹೇಳು ಎನ್ನುತ್ತಿದ್ದರು. ಅಂಕಿಗಳು ನಮ್ಮ ಕಡೆಯಿಂದ ಬಂದದ್ದೆಂದು ನಾನು ಸೇರಿಸುತ್ತಿದ್ದೆ. ಇಬ್ಬರೂ ನಮ್ಮ ನಮ್ಮ ಪಾಲು ತೆಗೆದುಕೊಂಡ ಮೇಲೆ ಯುರೋಪಿನವರಿಗೆ ಉಳಿದದ್ದನ್ನು ಕೊಡುತ್ತಿದ್ದೆವು. ಅದೂ ಕಡಿಮೆಯೇನಿರಲಿಲ್ಲ.

ಆಗಿನ ಪ್ಯಾರಿಸಿನಲ್ಲಿ ಕೆಲವು ಹೆಂಗಸರು ತಮ್ಮ ಮನೆಯ ಹಜಾರದಲ್ಲಿ ಪಂಡಿತರನ್ನೂ ಬರಹಗಾರರನ್ನೂ ಕೂರಿಸಿ ಚರ್ಚೆ ನಡೆಸುತ್ತಿದ್ದರೆಂದು ನಾನು ಹೇಳಿದಾಗ ತನ್ವೀರ್ ಬಾಜಿ ತಮ್ಮ ಸೋಫಾವನ್ನು ಒಮ್ಮೆ ನೋಡಿಕೊಂಡರು. ಮರುದಿನ ಹೊಸ ದಿಂಬುಗಳು ಬಂದಿದ್ದವು.

ಈ ನಡುವೆ ನನಗೆ ಇನ್ನೊಂದು ಲಾಭವಾಯಿತು. ಉಮ್ಮು ಯೂಸುಫ್ ದಿನಕ್ಕೆ ಒಂದೋ ಎರಡೋ ಅರಬಿ ಶಬ್ದದ ಅರ್ಥ ಹೇಳಿಕೊಡತೊಡಗಿದರು. ಹಾಲು, ಬಾಗಿಲು, ದಾರಿ, ಬೆಳಕು. ಬಾಲ್ಯದಿಂದ ಬಾಯಿಪಾಠವಾಗಿದ್ದ ಸಾಲುಗಳ ಒಳಗೆ ಈ ಶಬ್ದಗಳೇ ಕುಳಿತಿರುವುದು ಒಂದೊಂದಾಗಿ ಕಾಣತೊಡಗಿತು. ನಮಾಜಿಗೆ ನಿಂತಾಗ ನಾನು ಹೇಳುತ್ತಿರುವುದನ್ನು ನಾನೇ ಕೇಳಿಸಿಕೊಂಡೆ. ಆ ಖುಷಿಯನ್ನು ಹೇಗೆ ಬರೆಯಲಿ, ದಿನಾ ನೋಡುತ್ತಿದ್ದ ಬಂಧು ಮೊದಲ ಸಲ ನನ್ನ ಹೆಸರು ಹಿಡಿದು ಕರೆದ ಹಾಗಿತ್ತು. ಅಕ್ಷರದ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ. ಸೋಪಿನ ಸೀಸೆಯನ್ನು ಬಿಸಾಡುವ ಧೈರ್ಯ ಮಾತ್ರ ಬಂತು.

ಪಾಠದ ದಿನ ಬಂತು. ಹಿಂದಿನ ದಿನವೆಲ್ಲ ಇಂಗ್ಲಿಷ್ ವಾಕ್ಯಗಳನ್ನು ಉರು ಹೊಡೆದಿದ್ದೆ. ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಕುಳಿತರು. ಸಫಾ ಕಿಟಕಿಯ ಪಕ್ಕದಲ್ಲಿ, ಡೆಸ್ಕಿನ ಮರದ ಗೆರೆಗಳನ್ನು ಪರೀಕ್ಷೆಗೆ ಓದುವವಳ ಹಾಗೆ ನೋಡುತ್ತಿದ್ದಳು. ಮೊದಲ ವಾಕ್ಯ ಚೆನ್ನಾಗಿ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ನಿಂತದ್ದೇ ತಡ ನನ್ನ ಬಾಯಿಂದ “ಅಂದರೆ ಎಂತ” ಬಂದೇ ಬಿಟ್ಟಿತು. ಎರಡು ಮೂರು ಕಡೆ ಕಿಸಕ್ಕೆಂದರು. ಸಫಾಳ ಕಿವಿ ಕೆಂಪಾಯಿತು.

ನಾನು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟೆ. ಇನ್ನು ಹೋಗುವ ಮಾನ ಉಳಿದಿರಲಿಲ್ಲವಾದ್ದರಿಂದ ಸ್ವಲ್ಪ ಆರಾಮವೇ ಆಯಿತು.

“ನಿಮ್ಮ ಮನೆಯ ಹಾಲಿನ ಡಬ್ಬಿ ಖಾಲಿಯಾದರೆ ಏನು ಮಾಡುತ್ತೀರಿ?” ಎಂದು ಕೇಳಿದೆ, ನನ್ನ ಒರಟು ಇಂಗ್ಲಿಷಿನಲ್ಲೇ.

“ಬಿಸಾಡುತ್ತೇವೆ, ಮಿಸ್.”

“ನಾನು ಬಿಸಾಡಲಿಲ್ಲ” ಎಂದು ಕಪಾಟಿನ ಕಥೆ ಹೇಳಿದೆ. ಸೋಪಿನ ಸೀಸೆಯನ್ನು ಹೇಗೆ ರಾಗವಾಗಿ ಓದಿದೆ ಎಂಬುದನ್ನೂ ಹೇಳಿದೆ. ತರಗತಿ ನಕ್ಕಿತು, ಆದರೆ ಈ ಸಲದ ನಗು ಬೇರೆ. ಭಟ್ಕಳದ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಅಜ್ಜಿಯೂ ಬಂದಾಗ ಹೀಗೇ ಮಾಡಿದ್ದರು, ಫ್ರಿಜ್ಜಿನ ಮೇಲೆ ಡಬ್ಬಿಗಳು ಸೂರಿನ ತನಕ ಹೋಗಿದ್ದವು ಎಂದಳು. ಇನ್ನೊಬ್ಬಳು ತನ್ನ ಅಜ್ಜಿಯ ಬಗ್ಗೆ ಹೇಳಿದಳು. ಅಜ್ಜಿಯರದ್ದೇ ಒಂದು ಸಭೆಯಾಯಿತು.

ಅಲ್ಲಿಂದ ಯುರೋಪು ಹತ್ತಿರವೇ ಇತ್ತು. ಒಂದು ಕಾಲಕ್ಕೆ ಅಲ್ಲಿಯೂ ಬಹುಪಾಲು ಜನ ಪ್ರಾರ್ಥನೆ ಕೇಳುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ, ತಮಗೆ ಅರ್ಥವಾಗದ ಭಾಷೆಯಲ್ಲಿ. ಪಂಡಿತರು ಬರೆಯುತ್ತಿದ್ದದ್ದೂ ಅದರಲ್ಲೇ. ಅಚ್ಚಿನ ಯಂತ್ರ ಬಂತು, ಆಮೇಲೆ ಪೇಟೆಯ ಮಾತಿನಲ್ಲೇ ಪುಸ್ತಕಗಳು ಬರತೊಡಗಿದವು, ಆಕಾಶದ ಬಗ್ಗೆ, ದೇಹದ ಬಗ್ಗೆ, ಬಡಗಿ ಮರ ಜೋಡಿಸುವ ವಿದ್ಯೆಯ ಬಗ್ಗೆ. ಓದಿದವನಿಗೆ ಅರ್ಥವಾಯಿತು. ಅರ್ಥವಾದವನು ಪ್ರಶ್ನೆ ಕೇಳಿದ. ಕಾಫಿ ಕುಡಿಯುವ ಅಂಗಡಿಗಳಲ್ಲಿ ವ್ಯಾಪಾರಿ, ವೈದ್ಯ, ಗುಮಾಸ್ತ ಒಂದೇ ಮೇಜಿಗೆ ಕುಳಿತು ಆ ಪ್ರಶ್ನೆಯನ್ನು ಜಗ್ಗಾಡಿದರು. ಆ ಕಾಫಿ ಹೋದದ್ದು ಈ ದೇಶದ ಪಕ್ಕದ ಯೆಮೆನಿನಿಂದ.

“ನಮ್ಮ ಊರಿನಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ” ಎಂದೆ. “ಇಲ್ಲಿ ಸಮುದ್ರದಿಂದ ಏಳುತ್ತಾನೆ. ಯಾರು ಹೇಳುವುದು ಸುಳ್ಳು?”

ಯಾರದ್ದೂ ಸುಳ್ಳಲ್ಲ, ನಿಂತ ಜಾಗ ಬೇರೆ ಎಂದು ಮುಂದಿನ ಬೆಂಚಿನವಳು ಹೇಳಿದಳು. ಹಾಗೆಯೇ ಸಾವಿರಾರು ವರ್ಷ ಜನ ತಾವು ನಿಂತ ಜಾಗ ಅಲುಗಾಡುವುದಿಲ್ಲ ಎಂದುಕೊಂಡಿದ್ದರು, ಸುತ್ತುವವನು ಸೂರ್ಯ ಎಂದು. ಭೂಮಿಯೇ ಸುತ್ತುತ್ತದೆ ಎಂದು ತಿಳಿದಾಗ ತಲೆ ತಿರುಗಿದ್ದು ಪಂಡಿತರಿಗೆ ಮಾತ್ರವಲ್ಲ. ಕಲ್ಲು ನೆಲಕ್ಕೆ ಬೀಳುವ ನಿಯಮವೂ ಚಂದ್ರ ಭೂಮಿಯನ್ನು ಸುತ್ತುವ ನಿಯಮವೂ ಒಂದೇ ಎಂದು ಲೆಕ್ಕ ಮಾಡಿ ತೋರಿಸಿದಾಗ ಯಾರೋ ಕೇಳಿದರು: ಕಲ್ಲಿಗೂ ಚಂದ್ರನಿಗೂ ಒಂದೇ ನಿಯಮವಾದರೆ ರಾಜನಿಗೆ ಒಂದು, ರೈತನಿಗೆ ಒಂದು ಯಾಕೆ? ಕೆಲವರು ಅದನ್ನು ಬರೆದುಕೊಂಡರು. ನಾನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೇನೆ ಎಂಬುದನ್ನು ಆ ಹೊತ್ತಿಗೆ ಮರೆತೇಬಿಟ್ಟಿದ್ದೆ. ನಡುನಡುವೆ “ಅಂದರೆ ಎಂತ” ಬರುತ್ತಲೇ ಇತ್ತು. ಹಿಂದಿನ ಸಾಲಿನ ಕೆಲವರು ನನಗಿಂತ ಮೊದಲೇ ಅದನ್ನು ಹೇಳತೊಡಗಿದ್ದರು.

ಸಿಡುಬಿನ ಕಥೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ತುರ್ಕಿಯ ಹೆಂಗಸರು ಸಿಡುಬಿನ ಕೀವನ್ನು ಸೂಜಿಯಲ್ಲಿ ತೆಗೆದು ಮಕ್ಕಳ ಚರ್ಮಕ್ಕೆ ಚುಚ್ಚಿ ರೋಗ ತಡೆಯುವುದನ್ನು ಇಂಗ್ಲೆಂಡಿನ ರಾಯಭಾರಿಯ ಹೆಂಡತಿ ನೋಡಿದಳು, ತನ್ನ ಮಗುವಿಗೆ ಮಾಡಿಸಿದಳು, ಊರಿಗೆ ಹೋಗಿ ಎಲ್ಲರಿಗೂ ಹೇಳಿದಳು. ದೊಡ್ಡ ವೈದ್ಯರು ಮೂಗು ಮುರಿದರು. ಮುಂದೆ ಒಬ್ಬ ವೈದ್ಯ ಹಾಲು ಕರೆಯುವ ಹೆಂಗಸರ ಮಾತು ಕೇಳಿ, ದನದ ಸಿಡುಬಿನಿಂದ ಇನ್ನೂ ಕ್ಷೇಮದ ಲಸಿಕೆ ಮಾಡಿದ. ಮಗು ಸಾಯುವುದು ವಿಧಿ ಎಂದು ಕೈಚೆಲ್ಲಿದ್ದ ತಾಯಂದಿರು ತಡೆಯಬಹುದು ಎಂದು ತಿಳಿದ ಮೇಲೆ ಮೊದಲಿನ ತಾಯಂದಿರಾಗಿ ಉಳಿಯಲಿಲ್ಲ. ನನ್ನ ಮಟ್ಟಿಗೆ ಆ ಯುಗದ ದೊಡ್ಡ ಬದಲಾವಣೆ ಅದೇ.

ಆಗ ಕಿಟಕಿಯ ಪಕ್ಕದಿಂದ ಒಂದು ಕೈ ಮೇಲೆ ಬಂತು.

“ಮಿಸ್” ಎಂದಳು ಸಫಾ. ಉಮ್ಮ ಎನ್ನಲಿಲ್ಲ. “ಎಲ್ಲರೂ ಸಮಾನ ಅಂತ ಅವರು ಬರೆದರು. ಅದೇ ಕಾಲದಲ್ಲಿ ಆಫ್ರಿಕಾದಿಂದ ಜನರನ್ನು ಹಿಡಿದು ಮಾರಿದರು. ನಮ್ಮ ದೇಶಕ್ಕೂ ಬಂದು ಕುಳಿತರು. ಹೆಂಗಸರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹಾಗಾದರೆ ಅವರಿಗೆ ಎಂತ ಅರ್ಥ ಆದದ್ದು?”

ಕೊನೆಯ ಆ ‘ಎಂತ’ ಇಂಗ್ಲಿಷಿನ ನಡುವೆ ಹೇಗೆ ನುಸುಳಿತೋ, ಅವಳಿಗೂ ಗೊತ್ತಾಗಲಿಲ್ಲ. ಯಾರೂ ನಗಲಿಲ್ಲ.

“ಅರ್ಧ ಅರ್ಥ ಆದದ್ದು” ಎಂದೆ. “ಅವರೇ ಹೇಳಿದ ಮಾತನ್ನು ಹಿಡಿದು ಆ ಗುಲಾಮರೂ ಆ ಹೆಂಗಸರೂ ಎದ್ದು ನಿಂತು, ನಾವು ಎಲ್ಲರಲ್ಲಿ ಸೇರುವುದಿಲ್ಲವಾ ಎಂದು ಕೇಳಿದರು. ಉಳಿದರ್ಧ ಬಂದದ್ದು ಹಾಗೆ ಕೇಳಿದವರಿಂದ. ನೀನು ಈಗ ಕೇಳಿದ ಹಾಗೆ.”

ಗಂಟೆ ಹೊಡೆಯಿತು. ಮುಖ್ಯೋಪಾಧ್ಯಾಯಿನಿ ಎದ್ದು ಬಂದು, ನಿಮ್ಮ ಇಂಗ್ಲಿಷ್ ಸುಧಾರಿಸಬೇಕು ಎಂದರು. ನಾನು ಚೀಲ ಎತ್ತಿಕೊಂಡೆ. “ಸುಧಾರಿಸುತ್ತದೆ. ಭಾನುವಾರದಿಂದ ಬನ್ನಿ” ಎಂದು ಹೇಳಿ ಮುಂದೆ ನಡೆದರು. ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ. ಸಂತೋಷವೆಂದರೆ ಏನೆಂದು ಆ ವರಾಂಡದಲ್ಲಿ ನಾನು ತಿಳಿದೆ. ಮನೆಗೆ ಬರುವ ದಾರಿಯಲ್ಲಿ ಸಫಾ ನನ್ನ ಚೀಲವನ್ನು ತಾನೇ ಹೊತ್ತಳು. ಆ ದಿನ ಅಸರ್ ಆದ ಮೇಲೆ ತನ್ವೀರ್ ಬಾಜಿಯ ಮನೆಯಲ್ಲಿ ಒಣಗಿದ ಖುಬಾನಿ ಹಣ್ಣಿನ ಸಿಹಿ, ಉಮ್ಮು ಯೂಸುಫ್ ಅವರ ಕೈಯ ಬಸ್ಬೂಸಾ ಎಂಬ ರವೆಯ ಸಿಹಿ, ನನ್ನ ಗೋಳಿಬಜೆ. ಇಕ್ಬಾಲ್ ಬಸ್ಸಿಳಿದು ಬಂದವರು ಮನೆಗೆ ಬೀಗ ನೋಡಿ ನೇರ ಅಲ್ಲಿಗೇ ಬಂದರು.

ಶುಕ್ರವಾರ ತಾಯಿಗೆ ವೀಡಿಯೊ ಕರೆ ಮಾಡಿದೆವು. ತಾಯಿ ಇರುವುದು ನನ್ನ ಅಣ್ಣನ ಮನೆಯಲ್ಲಿ, ಸದಾ ಮಕ್ಕಳು ತುಂಬಿರುವ ಮನೆ. ಸಫಾ ಪಾಠದ ಕಥೆಯನ್ನು ಅಜ್ಜಿಗೆ ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಲು ಹೊರಟು ಎರಡು ಶಬ್ದಕ್ಕೊಮ್ಮೆ ಇಂಗ್ಲಿಷಿಗೆ ಜಾರಿದಳು. ಲಸಿಕೆಯ ವಿಷಯ ಬಂದಾಗ ತಾಯಿ ಕುಪ್ಪಸದ ತೋಳು ಮೇಲೆತ್ತಿ ಸಣ್ಣವರಿದ್ದಾಗ ದಾಕು ಹಾಕಿಸಿಕೊಂಡ ದುಂಡನೆಯ ಕಲೆಯನ್ನು ಫೋನಿಗೆ ಹಿಡಿದರು. “ಇದುವಾ ನೀನು ಹೇಳುವುದು?” ಸಫಾ ಪರದೆಗೆ ಮೂಗು ತಾಗಿಸಿ ನೋಡಿದಳು. ಪಾಠಪುಸ್ತಕದ ಒಂದು ಪುಟ ಅಜ್ಜಿಯ ತೋಳಿನಲ್ಲಿ ಇರಬಹುದೆಂದು ಅವಳು ಎಣಿಸಿರಲಿಲ್ಲ.

ಆಮೇಲೆ ತಾಯಿ ನನ್ನನ್ನು ಕೇಳಿದರು, “ಅಲ್ಲಿಯ ಮಕ್ಕಳಿಗೆ ನೀನು ಹೇಳಿದೆ, ಒಳ್ಳೆದಾಯ್ತು. ಇಲ್ಲಿಯ ಮಕ್ಕಳಿಗೆ ಯಾರು ಹೇಳುವುದು? ನಿನ್ನ ಜಾಗಕ್ಕೆ ಇನ್ನೂ ಜನ ಬರಲಿಲ್ಲ. ಕನ್ನಡ ಮಾಸ್ಟ್ರು ನಿನ್ನ ಪಾಠವನ್ನೂ ಓದಿ ಹೇಳಿ ಹೋಗ್ತಾರಂತೆ.”

ನಾನು ಫೋನನ್ನು ಸಫಾಳ ಕೈಗೆ ಕೊಟ್ಟೆ. ಆ ಪ್ರಶ್ನೆ ಜೂನ್ ಕಳೆಯುವವರೆಗೆ ನನ್ನನ್ನು ಕುಟುಕುತ್ತಿತ್ತು. ಕೊನೆಗೆ ಅದಕ್ಕೆ ಉತ್ತರ ಕೊಟ್ಟದ್ದು ಇಲ್ಲಿಯ ಬಿಸಿಲು. ಜುಲೈ, ಆಗಸ್ಟಿನಲ್ಲಿ ಸೌದಿಯ ಶಾಲೆಗಳಿಗೆ ದೊಡ್ಡ ರಜೆ, ಊರಿನಲ್ಲಿ ಆಗ ಶಾಲೆ ತೆರೆದು ಪಾಠ ಜೋರು ನಡೆಯುವ ಹೊತ್ತು. ರಜೆಗೆ ಹೋದ ನಾನು ಹಳೆಯ ಶಾಲೆಯ ಹೆಡ್‌ಮಾಸ್ಟ್ರ ಹತ್ತಿರ ಹೋಗಿ, ಇರುವಷ್ಟು ದಿನ ಪಾಠ ಮಾಡಲೇ ಎಂದು ಕೇಳಿದೆ. ಅವರು ಮೇಲೆ ಕೆಳಗೆ ನೋಡದೆ ಸೀಮೆಸುಣ್ಣ ಕೈಗಿತ್ತರು.

ಕನ್ನಡದಲ್ಲಿ ಪಾಠ ಮಾಡುವ ಸುಖವನ್ನು ಮರೆತೇ ಹೋಗಿದ್ದೆ. ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ಮಾತು ತಾನಾಗಿ ಓಡಿತು. ಆದರೆ ಮೊದಲ ದಿನವೇ “ಯಲ್ಲಾ, ಪುಸ್ತಕ ತೆಗೀರಿ” ಎಂದುಬಿಟ್ಟೆ. ಯಲ್ಲಾ ಅಂದರೆ ಅರಬಿಯಲ್ಲಿ ನಡಿ, ಬೇಗ ಎಂಬ ಮಾತು, ಜುಬೈಲಿನಲ್ಲಿ ಅದಿಲ್ಲದೆ ಬಸ್ಸೂ ಹೊರಡುವುದಿಲ್ಲ. ಮಕ್ಕಳಿಗೆ ಅದು ಬಹಳ ಹಿಡಿಸಿತು. ಮರುದಿನದಿಂದ ನಾನು ಗೇಟು ದಾಟುವಾಗಲೇ “ಸೌದಿ ಟೀಚರ್ ಬಂದ್ರು, ಯಲ್ಲಾ” ಎಂದು ಒಳಗೆ ಓಡುತ್ತಿದ್ದರು. ಜುಬೈಲಿನಲ್ಲಿ ನಾನು ಮಂಗಳೂರು ಮಿಸ್.

ಕೊನೆಯ ದಿನ ಪಾಠ ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಾಗಿಲ ಹತ್ತಿರ ಕಾದು ನಿಂತಿದ್ದಳು. ಹಾಡಿಯ ಮರಗಳ ನಡುವಿನ ದಾರಿಯಲ್ಲಿ, ಶಾಲೆಗೆ ತಾಗಿಕೊಂಡೇ ಇರುವ ನಮ್ಮ ಅಣ್ಣನ ಮನೆಯ ಮುಂದಿನಿಂದಲೇ ದಿನಾ ಬರುವವಳು. ತನ್ನ ತಾಯಿ ಕೊಟ್ಟು ಕಳಿಸಿದ ನಾಲ್ಕು ಹಲಸಿನ ಹಪ್ಪಳದ ಕಟ್ಟನ್ನು ನನ್ನ ಕೈಗಿಟ್ಟು, “ಟೀಚರ್, ನೀವು ಇನ್ನು ಊರಿಗೆ ಹೋಗುವುದು ಯಾವಾಗ?” ಎಂದು ಕೇಳಿದಳು.

“ಈ ತಿಂಗಳ ಕೊನೆಗೆ” ಎಂದೆ, ಜುಬೈಲಿನ ಟಿಕೆಟಿನ ತಾರೀಕು ನೆನಪು ಮಾಡಿಕೊಂಡು. ಹೇಳಿ ಆದ ಮೇಲೆಯೇ ಹೊಳೆದದ್ದು, ನನ್ನ ತಾಯಿ ಕೂಗಿದರೆ ಕೇಳುವಷ್ಟು ಹತ್ತಿರ ನಿಂತು ನಾನು ಊರೆಂದು ಒಪ್ಪಿಕೊಂಡದ್ದು ಯಾವುದನ್ನು ಎಂದು.